ಒಂದು ರೂಮಿನ ಚಳಿ: ಹಳೆ ರೇಡಿಯೇಟರ್ ಮನೆಯೊಂದರ ಪ್ರಕರಣ ಅಧ್ಯಯನ

ಅಕ್ಕನ ಫೋನ್ ಬಂದಾಗ ಚಳಿಗಾಲ ಅರ್ಧ ಕಳೆದಿತ್ತು. "ಮೇಲೆ ಹಿಂದಿನ ರೂಮು ಐಸ್ ಥರ ಇದೆ ಕಣೋ. ಮಗಳು ಸ್ವೆಟರ್ ಹಾಕ್ಕೊಂಡೇ ಮಲಗ್ತಾಳೆ. ಕೆಳಗೆ ಹಾಲ್‌ನಲ್ಲಿ ಮಾತ್ರ ಸೆಕೆ. ಬಾಯ್ಲರ್ ಸಾಲಲ್ಲ, ದೊಡ್ಡದು ಹಾಕಿಸಿ ಅಂತಿದಾರೆ. ನೀನೊಂದ್ಸಲ ಬಂದು ನೋಡ್ತೀಯಾ?"

ಹದಿನೈದು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ, ಮನೆ ಬೆಚ್ಚಗಿಡುವ ವ್ಯವಸ್ಥೆ ಸರಿ ಮಾಡುವುದು. ಇಂಥ ಮನೆಯಲ್ಲಿ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪ್ ಅದನ್ನು ಪ್ರತಿ ರೂಮಿನ ರೇಡಿಯೇಟರ್‌ಗೆ ಓಡಿಸುತ್ತದೆ, ಆ ಲೋಹದ ಮೈ ಕಾದು ರೂಮು ಬೆಚ್ಚಗಾಗುತ್ತದೆ. ಒಂದು ರೂಮು ಸೆಕೆ, ಇನ್ನೊಂದು ರೂಮು ಚಳಿ ಅಂದರೆ ಬಾಯ್ಲರ್ ಚಿಕ್ಕದು ಅಂತ ಅರ್ಥವಲ್ಲ. ಬಾಯ್ಲರ್‌ಗೆ ಶಕ್ತಿ ಸಾಲದಿದ್ದರೆ ಇಡೀ ಮನೆ ತಣ್ಣಗಿರಬೇಕಿತ್ತು, ಅಲ್ವಾ? ಇಲ್ಲಿ ಶಾಖ ಹುಟ್ಟುತ್ತಿದೆ, ಬೇಕಾದ ಕಡೆ ಹೋಗುತ್ತಿಲ್ಲ. ಅಂಥ ಮನೆಗೆ ಇನ್ನೂ ದೊಡ್ಡ ಬಾಯ್ಲರ್ ಹಾಕಿದರೆ ಹಾಲ್ ಮತ್ತಷ್ಟು ಕಾಯುತ್ತದೆ. ಹಿಂದಿನ ರೂಮು ಇದ್ದ ಹಾಗೇ ಇರುತ್ತದೆ. "ಯಾರಿಗೂ ಹೂಂ ಅನ್ಬೇಡ, ಶನಿವಾರ ಬರ್ತೀನಿ. ಅಷ್ಟರೊಳಗೆ ಒಂದು ಕೆಲಸ ಮಾಡು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಗ್ಯಾಸ್ ಮೀಟರ್ ನಂಬರ್ ಬರೆದಿಡು" ಅಂದೆ. ಈ ಕೊನೆಯ ಮಾತು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಮನೆ ಹೇಗಿತ್ತು

ಹಳೆಯ ಮನೆ. ಎರಡು ಅಂತಸ್ತು, ಕೆಳಗೊಂದು ನೆಲಮಾಳಿಗೆ. ಒಂಬತ್ತು ರೇಡಿಯೇಟರ್, ಎಲ್ಲವೂ ಬೀಡು ಕಬ್ಬಿಣದ ದಪ್ಪ ಕಂಬಗಳವು. ಒಂದೊಂದನ್ನೂ ಎತ್ತಲು ಇಬ್ಬರಿಗೂ ಕಷ್ಟ. ಒಂದು ಪೈಪಿನಲ್ಲಿ ಬಿಸಿನೀರು ಹೋಗುತ್ತದೆ, ಇನ್ನೊಂದರಲ್ಲಿ ವಾಪಸ್ ಬರುತ್ತದೆ. ರೇಡಿಯೇಟರ್‌ಗಳು ಮನೆ ಕಟ್ಟಿದಾಗಿನವೇ. ಬಾಯ್ಲರ್ ಮಾತ್ರ ಎಂಟು ವರ್ಷದ ಹಿಂದೆ ಹಾಕಿಸಿದ್ದು. ಅದು ಗ್ಯಾಸಿನದು, ಕಂಡೆನ್ಸಿಂಗ್ ಮಾದರಿ. ಆ ಹೆಸರಿನ ಅರ್ಥಕ್ಕೆ ಆಮೇಲೆ ಬರುತ್ತೇನೆ, ಈ ಕಥೆಯ ಅರ್ಧ ಅಲ್ಲೇ ಇದೆ.

ಅಷ್ಟು ವರ್ಷದಲ್ಲಿ ಮನೆ ಬದಲಾಗಿತ್ತು. ಕಿಟಕಿಗಳಿಗೆ ಎರಡು ಪದರದ ಗಾಜು ಬಂದಿತ್ತು. ಅಟ್ಟದ ಮೇಲೆ ದಪ್ಪ ನಿರೋಧಕ ಹಾಸಿದ್ದರು. ಅಂದರೆ ಮನೆಯಿಂದ ಸೋರುವ ಶಾಖ ಮೊದಲಿಗಿಂತ ತುಂಬ ಕಮ್ಮಿ. ಒಂದು ಪದರದ ಗಾಜಿನ ಕಾಲಕ್ಕೆ ಲೆಕ್ಕ ಹಾಕಿ ಕೂರಿಸಿದ ಆ ರೇಡಿಯೇಟರ್‌ಗಳು ಈಗಿನ ಮನೆಗೆ ಜಾಸ್ತಿಯೇ ದೊಡ್ಡವು. ಹಳೆ ರೇಡಿಯೇಟರ್ ಅಂದ ತಕ್ಷಣ ಕಿತ್ತು ಬಿಸಾಕುವ ಮಾತು ಬರುತ್ತದೆ. ನನ್ನ ಕಣ್ಣಿಗೆ ಅವು ಆಸ್ತಿ. ಅವುಗಳ ದೊಡ್ಡ ಮೈಯೇ ನಮಗೆ ಬೇಕಾದದ್ದು.

ಹಾಲ್‌ಗೆ ಕಾಲಿಟ್ಟಾಗ ಒಳಗೆ 25 ಡಿಗ್ರಿ ಇತ್ತು. ಕಿಟಕಿ ಒಂದು ಬೆರಳಗಲ ತೆರೆದಿತ್ತು. ಮೇಲಿನ ಹಿಂದಿನ ರೂಮಿನಲ್ಲಿ 16 ಡಿಗ್ರಿ. ಮನೆ ಎಷ್ಟು ಬೆಚ್ಚಗಿರಬೇಕು ಅಂತ ಬಾಯ್ಲರ್‌ಗೆ ಹೇಳುವ ಥರ್ಮೋಸ್ಟ್ಯಾಟ್ ಮೆಟ್ಟಿಲ ಪಕ್ಕದ ನಡುಮನೆಯಲ್ಲಿತ್ತು, ಅದನ್ನು 24ಕ್ಕೆ ಏರಿಸಿಟ್ಟಿದ್ದರು. ಬಾಯ್ಲರ್‌ನಿಂದ ಹೊರಡುವ ನೀರನ್ನು 75 ಡಿಗ್ರಿಗೆ ಇಟ್ಟಿದ್ದರು. ಪಂಪ್ ಮೂರನೇ ಸ್ಪೀಡ್‌ನಲ್ಲಿ ಭರ್ರೆನ್ನುತ್ತಿತ್ತು. ಒಂದು ರೂಮು ಬೆಚ್ಚಗಾಗಲಿ ಅಂತ ಒಂದೊಂದನ್ನೇ ಏರಿಸುತ್ತಾ ಹೋಗಿದ್ದರು. ಯಾವ ತಾಯಿಯಾದರೂ ಹಾಗೇ ಮಾಡುತ್ತಾಳೆ. ಆದರೆ ಆ ರೂಮು ಬಿಟ್ಟು ಉಳಿದದ್ದೆಲ್ಲ ಕಾದಿತ್ತು.

ವಾರಕ್ಕೊಂದು ಸಲದ ನೀರು

ನೆಲಮಾಳಿಗೆಗೆ ಇಳಿದಾಗ ಭಾವ ಜೊತೆಗೆ ಬಂದರು. ಪ್ರೆಶರ್ ಗೇಜಿನ ಮುಳ್ಳು 0.6 ಬಾರ್‌ನಲ್ಲಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು, "ಹಳೇ ಸಿಸ್ಟಮ್ ಅಲ್ವೇನಪ್ಪಾ, ಸ್ವಲ್ಪ ನೀರು ಕುಡಿಯುತ್ತೆ. ವಾರಕ್ಕೊಂದ್ಸಲ ತುಂಬಿಸ್ತೀನಿ. ಮೇಲಿನ ರೇಡಿಯೇಟರ್‌ಗಳಲ್ಲಿ ಗಾಳಿ ಸೇರ್ಕೊಳ್ಳುತ್ತೆ, ಅದನ್ನೂ ಭಾನುವಾರ ಬಿಡ್ತೀನಿ" ಅಂದರು.

ಶ್ರದ್ಧೆಯಿಂದ ಮಾಡುತ್ತಿದ್ದ ಕೆಲಸ. ಆದರೆ ಆ ಮಾತು ಕೇಳಿದ ಮೇಲೆ ನಾನು ಬೇರೆ ಎಲ್ಲವನ್ನೂ ಬದಿಗಿಟ್ಟೆ. ಇದು ಮುಚ್ಚಿದ ವ್ಯವಸ್ಥೆ. ಒಳಗಿನ ನೀರೇ ತಿರುಗಿ ತಿರುಗಿ ಓಡಾಡಬೇಕು. ತಣ್ಣಗಿರುವಾಗ ನೋಡಿದರೆ ತಿಂಗಳುಗಟ್ಟಲೆ ಮುಳ್ಳು ಅದೇ ಜಾಗದಲ್ಲಿರಬೇಕು. ವಾರವಾರ ನೀರು ಬೇಕಾಗುತ್ತಿದ್ದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ.

ಪೈಪು, ವಾಲ್ವು, ಜಾಯಿಂಟ್ ಎಲ್ಲಾ ಒಣ ಟಿಶ್ಯೂ ಒತ್ತಿ ನೋಡಿದೆವು. ಎಲ್ಲೂ ಪಸೆ ಇಲ್ಲ. ಆಮೇಲೆ ಬಾಯ್ಲರ್‌ನ ಸೇಫ್ಟಿ ವಾಲ್ವಿನ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿಕೊಂಡು ಹೊರಗೆ ಹೋದೆವು. ಹಿಂಬದಿಯ ಗೋಡೆಯಲ್ಲಿ ಅದರ ತುದಿ ಇತ್ತು. ತುದಿಯಿಂದ ಕೆಳಗೆ ಒಂದು ಗೇಣು ಅಗಲದ ಕಂದು ಕಲೆ, ನೆಲದವರೆಗೂ ಇಳಿದಿತ್ತು. ಬೆರಳು ಇಟ್ಟರೆ ಒದ್ದೆ.

ನೀರು ಕಾದರೆ ಹಿಗ್ಗುತ್ತದೆ. 10 ಡಿಗ್ರಿಯಿಂದ 75ಕ್ಕೆ ಏರಿದರೆ ಸುಮಾರು ಶೇ. 2.5ರಷ್ಟು. ಬೀಡು ರೇಡಿಯೇಟರ್‌ಗಳು ಹೊಟ್ಟೆ ತುಂಬ ನೀರು ಹಿಡಿಯುತ್ತವೆ. ಈ ಮನೆಯಲ್ಲಿ ಒಟ್ಟು 180 ಲೀಟರ್ ಅಂತ ಅಂದಾಜು ಮಾಡಿದೆ. ಅಂದರೆ ನಾಲ್ಕೂವರೆ ಲೀಟರ್ ನೀರಿಗೆ ಹೊಸದಾಗಿ ಜಾಗ ಬೇಕು. ಆ ಜಾಗ ಕೊಡುವುದು ಎಕ್ಸ್‌ಪ್ಯಾನ್ಷನ್ ಟ್ಯಾಂಕ್. ಅದರೊಳಗೆ ಒಂದು ರಬ್ಬರ್ ಪರದೆ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ನೀರು ಹಿಗ್ಗಿದಾಗ ಗಾಳಿ ಕುಗ್ಗಿ ಜಾಗ ಬಿಡುತ್ತದೆ. ಗಾಳಿಯ ಕಡೆ ಸೈಕಲ್ ಟ್ಯೂಬಿನಂಥದೇ ಒಂದು ಪಿನ್ ಇರುತ್ತದೆ. ನಾನು ಅದನ್ನು ಉಗುರಿನಿಂದ ಒತ್ತಿದೆ. ಬುಸ್ ಅಂತ ಗಾಳಿ ಬರಬೇಕಿತ್ತು. ಕಪ್ಪು ನೀರು ಚಿಮ್ಮಿ ಅಂಗೈ ಮೇಲೆ ಬಿತ್ತು. ಪರದೆ ಹರಿದಿತ್ತು.

ಪರದೆ ಹರಿದ ಮೇಲೆ ಹಿಗ್ಗಿದ ನೀರಿಗೆ ಜಾಗವಿಲ್ಲ. ಪ್ರೆಶರ್ 3 ಬಾರ್ ಮುಟ್ಟುತ್ತದೆ, ಸೇಫ್ಟಿ ವಾಲ್ವ್ ತೆರೆಯುತ್ತದೆ, ನೀರು ಹೊರಗೆ. ಆರಿದಾಗ ಒಳಗೆ ನೀರು ಕಮ್ಮಿ, ಮುಳ್ಳು ಕೆಳಗೆ. ಭಾವ ತುಂಬಿಸುತ್ತಾರೆ. ಮತ್ತೆ ಕಾಯುತ್ತದೆ, ಮತ್ತೆ ಹೊರಗೆ. ಎಷ್ಟು ವರ್ಷದಿಂದ ಅಂತ ಕೇಳಿದೆ. "ಮೂರಿರಬೇಕು" ಅಂದರು.

ನೀರು ಪೋಲಾದದ್ದು ಇಲ್ಲಿ ಸಣ್ಣ ವಿಷಯ. ಹೊಸ ನೀರಿನ ಜೊತೆ ಒಳಗೆ ಬರುವ ಆಮ್ಲಜನಕ ದೊಡ್ಡ ವಿಷಯ. ನಲ್ಲಿಯ ತಣ್ಣೀರಿನಲ್ಲಿ ಲೀಟರ್‌ಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮುಚ್ಚಿದ ವ್ಯವಸ್ಥೆಯಲ್ಲಿ ಮೊದಲ ಸಲ ತುಂಬಿದ ನೀರಿನ ಆಮ್ಲಜನಕ ಬೇಗ ಖರ್ಚಾಗುತ್ತದೆ, ಆಮೇಲೆ ತುಕ್ಕು ಹೆಚ್ಚು ಕಡಿಮೆ ನಿಲ್ಲುತ್ತದೆ. ಅದಕ್ಕೇ ಬೀಡು ರೇಡಿಯೇಟರ್‌ಗಳು ನೂರು ವರ್ಷ ಬಾಳುವುದು. ವಾರವಾರ ಹೊಸ ನೀರು ಕೊಟ್ಟರೆ ತುಕ್ಕಿಗೆ ವಾರವಾರ ಊಟ ಹಾಕಿದ ಹಾಗೆ. ಬಿಸಿನೀರಿನೊಳಗೆ ಕಬ್ಬಿಣ ಸವೆದು ಮ್ಯಾಗ್ನಟೈಟ್ ಅನ್ನುವ ಕಪ್ಪು ತುಕ್ಕಿನ ಪುಡಿ ಆಗುತ್ತದೆ, ಜೊತೆಗೆ ಹೈಡ್ರೋಜನ್ ಹುಟ್ಟುತ್ತದೆ. ಭಾವ ಭಾನುವಾರ ಬಿಡುತ್ತಿದ್ದ "ಗಾಳಿ"ಯಲ್ಲಿ ಹೈಡ್ರೋಜನ್ ಕೂಡ ಇದ್ದಿರಬೇಕು. ಅದು ಹತ್ತಿಕೊಳ್ಳುವ ಅನಿಲ. ಪದೇಪದೇ ಗಾಳಿ ತುಂಬುವ ರೇಡಿಯೇಟರ್ ಹತ್ತಿರ ಬೆಂಕಿ, ಸಿಗರೇಟು ಏನೂ ಇರಬಾರದು.

ಹಿಂದಿನ ರೂಮಿನ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ನಡುಮಧ್ಯ ತಣ್ಣಗಿತ್ತು. ಇದೊಂದನ್ನು ಯಾರು ಬೇಕಾದರೂ ಕೈಯಿಂದ ಮುಟ್ಟಿ ತಿಳಿಯಬಹುದು. ಮೇಲೆ ತಣ್ಣಗಿದ್ದರೆ ಗಾಳಿ ಸೇರಿದೆ. ಕೆಳಗೆ ತಣ್ಣಗಿದ್ದರೆ ಆ ತುಕ್ಕಿನ ಕೆಸರು ಕೂತಿದೆ. ಆ ರೇಡಿಯೇಟರ್‌ನಿಂದ ಒಂದು ಬಿಳಿ ಪ್ಲಾಸ್ಟಿಕ್ ಮಗ್‌ಗೆ ನೀರು ಬಿಟ್ಟೆ. ಮೊದಲು ಸ್ವಲ್ಪ ಬಣ್ಣಗೆಟ್ಟ ನೀರು. ಆಮೇಲೆ ಮಸಿ. ಮಗ್‌ನ ಹೊರಗಡೆ ಮ್ಯಾಗ್ನೆಟ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಕಪ್ಪೆಲ್ಲ ಆ ಕಡೆಗೆ ಸರಿದು ಗೋಡೆಗೆ ಅಂಟಿಕೊಂಡಿತು. ಮ್ಯಾಗ್ನೆಟ್ ಸರಿಸಿದರೆ ಅದೂ ಹಿಂದೆಯೇ ಸರಿಯಿತು. ಸೊಸೆ, ಅಂದರೆ ಅಕ್ಕನ ಮಗಳು, ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಬೆರಳಲ್ಲಿ ಉಜ್ಜಿದರೆ ಕಾಡಿಗೆಯ ಹಾಗೆ ನುಣ್ಣಗೆ. "ಇದು ಎಲ್ಲಿಂದ ಬಂತು ಮಾವಾ?" ಅಂದಳು. ನಿನ್ನ ರೇಡಿಯೇಟರ್‌ನ ಒಳಮೈ ಇದು ಅಂದೆ.

ಮೊದಲು ಸೋರಿಕೆ, ಆಮೇಲೆ ಕೆಸರು

ಕೆಲಸದ ಕ್ರಮ ಇಲ್ಲಿ ಮುಖ್ಯ. ಟ್ಯಾಂಕ್ ಸರಿ ಮಾಡದೆ ಕೆಸರು ತೆಗೆದರೆ ವರ್ಷದಲ್ಲಿ ಮತ್ತೆ ಕೂರುತ್ತದೆ. ಕೆಸರು ತೆಗೆಯದೆ ನೀರಿನ ಹಂಚಿಕೆ ಸರಿ ಮಾಡಲು ಕೂತರೆ ಅಳತೆಗಳೆಲ್ಲ ಸುಳ್ಳು ಹೇಳುತ್ತವೆ. ಹಂಚಿಕೆ ಸರಿಯಾಗದೆ ನೀರಿನ ಬಿಸಿ ಇಳಿಸಿದರೆ ಮೊದಲೇ ತಣ್ಣಗಿದ್ದ ರೂಮು ಇನ್ನೂ ತಣ್ಣಗಾಗುತ್ತದೆ.

18 ಲೀಟರಿನ ಹೊಸ ಟ್ಯಾಂಕ್ ಹಾಕಿದೆವು. ನೀರಿನ ಕಡೆ ಪ್ರೆಶರ್ ಇಲ್ಲದಿರುವಾಗಲೇ ಅದರ ಗಾಳಿಯನ್ನು 1 ಬಾರ್‌ಗೆ ಹೊಂದಿಸಬೇಕು. ನೀರು ತುಂಬಿದ ಮೇಲೆ ಅಳೆದರೆ ಅದು ನೀರಿನ ಪ್ರೆಶರನ್ನೇ ತೋರಿಸುತ್ತದೆ. ಅತ್ಯಂತ ಮೇಲಿನ ರೇಡಿಯೇಟರ್ ಗೇಜಿಗಿಂತ ಆರು ಮೀಟರ್ ಎತ್ತರದಲ್ಲಿತ್ತು. ಹತ್ತು ಮೀಟರ್ ನೀರಿಗೆ ಹೆಚ್ಚು ಕಡಿಮೆ 1 ಬಾರ್. ಆದ್ದರಿಂದ ಅಷ್ಟು ಗಾಳಿ ಸಾಕು. ತಣ್ಣಗಿರುವಾಗ ನೀರನ್ನು 1.3 ಬಾರ್‌ಗೆ ತುಂಬಿದೆವು. ಮೂರು ವರ್ಷ ತೆರೆದು ಮುಚ್ಚಿ ಸವೆದಿದ್ದ ಸೇಫ್ಟಿ ವಾಲ್ವನ್ನೂ ಬದಲಿಸಿದೆವು.

ತೊಳೆಯುವ ವಿಷಯದಲ್ಲಿ ನನಗೆ ಭಯವಿತ್ತು. ಕಟುವಾದ ಕೆಮಿಕಲ್ ಹಾಕಿ ಯಂತ್ರದಿಂದ ಜೋರಾಗಿ ನೀರು ನುಗ್ಗಿಸಿದರೆ ಹಳೆಯ ಜಾಯಿಂಟ್‌ಗಳಲ್ಲಿ ಸೋರಿಕೆ ಶುರುವಾಗಬಹುದು. ಕೆಲವೊಮ್ಮೆ ತುಕ್ಕೇ ಸಣ್ಣ ತೂತನ್ನು ಮುಚ್ಚಿಕೊಂಡಿರುತ್ತದೆ. ಹಾಗಾಗಿ ನಿಧಾನದ ದಾರಿ ಹಿಡಿದೆ. ಸೌಮ್ಯವಾದ ಕ್ಲೀನರ್ ಹಾಕಿ ಒಂದು ವಾರ ಹಾಗೇ ಓಡಲು ಬಿಟ್ಟೆವು. ಮುಂದಿನ ಶನಿವಾರ ಎಂಟು ರೇಡಿಯೇಟರ್ ಮುಚ್ಚಿ, ಒಂದನ್ನೇ ತೆರೆದು, ಪಂಪಿನ ಪೂರಾ ಬಲ ಅದಕ್ಕೇ ಕೊಟ್ಟೆವು. ತೊಳೆದ ನೀರು ತಿಳಿಯಾಗುವವರೆಗೆ ಬಿಟ್ಟು ಮುಂದಿನದಕ್ಕೆ ಹೋದೆವು. ಹಿಂದಿನ ರೂಮಿನದು ಇದಕ್ಕೆಲ್ಲ ಜಗ್ಗಲಿಲ್ಲ. ಅದನ್ನು ಬಿಚ್ಚಿ, ನಾಲ್ಕು ಜನ ಸೇರಿ ಹೊರಗೆ ಹೊತ್ತು, ಒರಗಿಸಿ ಪೈಪಿನಿಂದ ತೊಳೆದೆವು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗೆಲ್ಲ ಮುದ್ದೆ ಮುದ್ದೆ ಕಪ್ಪು ಬಿತ್ತು. ಅರ್ಧ ಬಕೆಟ್ ಆಯಿತು.

ಕೊನೆಗೆ ಬಾಯ್ಲರ್‌ಗೆ ವಾಪಸ್ ಬರುವ ಪೈಪಿಗೆ ಮ್ಯಾಗ್ನೆಟ್ ಇರುವ ಫಿಲ್ಟರ್ ಕೂರಿಸಿದೆವು. ಹೊಸ ನೀರಿಗೆ ತುಕ್ಕು ತಡೆಯುವ ದ್ರಾವಣ ಸೇರಿಸಿದೆವು.

ಮುಂದಿನ ಗದ್ದೆ, ಕೊನೆಯ ಗದ್ದೆ

ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆ ಮನೆಗಳಲ್ಲಿ ಅತಿ ಹೆಚ್ಚು ಲಾಭ ಕೊಡುವ ಕೆಲಸ ಇದೇ, ಜನ ಬಿಟ್ಟುಬಿಡುವ ಕೆಲಸವೂ ಇದೇ. ಖರ್ಚು ಅಂತ ಇದಕ್ಕೆ ಬೇಕಾದದ್ದು ಒಂದು ಥರ್ಮಾಮೀಟರ್, ಒಂದು ಸ್ಪ್ಯಾನರ್, ಎರಡು ಸಂಜೆಗಳ ತಾಳ್ಮೆ.

ಕಾಲುವೆಯ ಮೊದಲಲ್ಲಿರುವ ಗದ್ದೆಯವರೇ ನೀರೆಲ್ಲ ತಿರುಗಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ರೇಡಿಯೇಟರ್‌ಗಳ ಕಥೆಯೂ ಅದೇ. ಪಂಪಿಗೆ ಹತ್ತಿರ ಇರುವ ರೇಡಿಯೇಟರ್‌ಗೆ ನೀರು ಸುಲಭವಾಗಿ ನುಗ್ಗುತ್ತದೆ. ದೂರದ್ದಕ್ಕೆ ಉದ್ದ ಪೈಪು, ಹತ್ತು ತಿರುವು. ತೊಳೆಯುವ ಮುಂಚೆ ಅಳೆದಾಗ ಹಾಲ್‌ನ ರೇಡಿಯೇಟರ್‌ಗೆ 72 ಡಿಗ್ರಿ ನೀರು ಹೋಗಿ 68 ಡಿಗ್ರಿಯಲ್ಲಿ ವಾಪಸ್ ಬರುತ್ತಿತ್ತು. ಹಿಂದಿನ ರೂಮಿನದಕ್ಕೆ 55 ಹೋಗಿ 30 ಬರುತ್ತಿತ್ತು. ತೊಳೆದ ಮೇಲೆ ಹಿಂದಿನ ರೂಮು 18 ಡಿಗ್ರಿಗೆ ಬಂತು, ಆದರೂ ಹಾಲ್‌ನ ಅಂತರ 4 ಡಿಗ್ರಿಯಲ್ಲೇ ಇತ್ತು. ಅಂದರೆ ನೀರು ಅಲ್ಲಿ ಶಾಖ ಇಳಿಸುವ ಮೊದಲೇ ಓಡಿ ಹೋಗುತ್ತಿತ್ತು.

ಲೆಕ್ಕ ನೋಡಿದರೆ ವಿಷಯ ಕಣ್ಣಿಗೆ ಕಟ್ಟುತ್ತದೆ. ಗಂಟೆಗೆ ಒಂದು ಲೀಟರ್ ನೀರು ಒಂದು ಡಿಗ್ರಿ ಆರಿದರೆ 1.163 ವ್ಯಾಟ್ ಶಾಖ ಕೊಡುತ್ತದೆ. ಒಂದು ಕಿಲೋವ್ಯಾಟ್ ಬೇಕಾದರೆ, 4 ಡಿಗ್ರಿ ಅಂತರದಲ್ಲಿ ಗಂಟೆಗೆ 215 ಲೀಟರ್ ಓಡಬೇಕು. 20 ಡಿಗ್ರಿ ಅಂತರದಲ್ಲಿ 43 ಲೀಟರ್ ಸಾಕು. ಈಗ ಹಾಲ್‌ನ ರೇಡಿಯೇಟರ್ ಅನ್ನು ಬಿಗಿ ಮಾಡಿ, 72 ಡಿಗ್ರಿಯಲ್ಲಿ ಹೋದ ನೀರು 52ರಲ್ಲಿ ಬರುವಂತೆ ಮಾಡಿದೆವು ಅಂದುಕೊಳ್ಳಿ. ಅದರ ಸರಾಸರಿ ಬಿಸಿ 70ರಿಂದ 62ಕ್ಕೆ ಇಳಿಯುತ್ತದೆ. ರೂಮು 20 ಡಿಗ್ರಿ ಇದ್ದರೆ ಅದು ಕೊಡುವ ಶಾಖ ಐದರಲ್ಲಿ ಒಂದು ಪಾಲು ಕಮ್ಮಿಯಾಗುತ್ತದೆ. ನೀರು ಮಾತ್ರ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಉಳಿದ ಐದು ಪಾಲು ನೀರು ದೂರದ ರೂಮುಗಳಿಗೆ ಸಿಗುತ್ತದೆ. ಹತ್ತಿರದವರು ಕಳೆದುಕೊಳ್ಳುವುದು ಇಷ್ಟೇ ಇಷ್ಟು, ದೂರದವರಿಗೆ ಸಿಗುವುದು ಅಷ್ಟು.

ಪ್ರತಿ ರೇಡಿಯೇಟರ್‌ಗೂ ಎರಡು ವಾಲ್ವ್. ಒಂದು ನಾವು ದಿನಾ ತಿರುಗಿಸುವುದು. ಇನ್ನೊಂದು ಟೊಪ್ಪಿಗೆ ಹಾಕಿಕೊಂಡು ಸುಮ್ನೆ ಕೂತಿರುವುದು. ಅದು ಲಾಕ್‌ಶೀಲ್ಡ್ ವಾಲ್ವ್. ಹಂಚಿಕೆ ನಡೆಯುವುದು ಇದರಿಂದ. ಮೊದಲು ಎಲ್ಲವನ್ನೂ ಪೂರಾ ತೆರೆದೆ, ಎಷ್ಟು ಸುತ್ತು ಅಂತ ಬರೆದುಕೊಂಡೆ. ಆಮೇಲೆ ಹತ್ತಿರದ ಹಾಲ್‌ನದನ್ನು ಪೂರಾ ಮುಚ್ಚಿ ಕಾಲು ಸುತ್ತು ಮಾತ್ರ ಬಿಟ್ಟೆ. ಊಟದ ಮನೆಯದಕ್ಕೆ ಅರ್ಧ ಸುತ್ತು. ಹೀಗೆ ದೂರ ಹೋದಂತೆ ಜಾಸ್ತಿ. ಹಿಂದಿನ ರೂಮಿನದು ಪೂರಾ ತೆರೆದೇ ಇತ್ತು. ಬೀಡು ಕಬ್ಬಿಣ ನಿಧಾನದ ಪ್ರಾಣಿ. ಒಂದು ವಾಲ್ವ್ ಮುಟ್ಟಿದರೆ ಒಂದು ಗಂಟೆ ಕಾಯಬೇಕು, ಆಮೇಲೆ ಅಳೆಯಬೇಕು. ಅವಸರ ಮಾಡಿ ಹತ್ತು ನಿಮಿಷಕ್ಕೆ ಅಳೆದರೆ ಸುಳ್ಳು ಅಳತೆಯ ಹಿಂದೆ ಓಡುತ್ತೀರಿ.

ಅಳೆಯುವಾಗ ಒಂದು ಎಚ್ಚರ. ಕೈಯಲ್ಲಿ ಹಿಡಿದು ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ತಾಮ್ರದ ಪೈಪಿನ ಮೇಲೆ ತಪ್ಪು ಹೇಳುತ್ತದೆ. ಹೊಳಪಿನ ಲೋಹ ಕಿರಣ ಕಮ್ಮಿ ಬಿಡುತ್ತದೆ. ಪೈಪಿನ ಸುತ್ತ ಕಪ್ಪು ಟೇಪ್ ಸುತ್ತಿ ಆ ಟೇಪನ್ನು ಅಳೆಯಿರಿ.

ನಾನು ಇಲ್ಲೊಂದು ತಪ್ಪು ಮಾಡಿದೆ. ಪಂಪನ್ನು ಮೂರನೇ ಸ್ಪೀಡ್‌ನಲ್ಲೇ ಬಿಟ್ಟು ಬಿಗಿ ಮಾಡುತ್ತಾ ಹೋದೆ. ರಾತ್ರಿ ಹಾಲ್‌ನ ವಾಲ್ವ್ ಸೀಟಿ ಹೊಡೆಯಲು ಶುರು ಮಾಡಿತು. ಅಕ್ಕ ಎದ್ದು ಬಂದಳು. ಪಂಪನ್ನು ಒಂದನೇ ಸ್ಪೀಡ್‌ಗೆ ಇಳಿಸಿದ ಮೇಲೆ ಸದ್ದು ನಿಂತಿತು. ಆದರೆ ಆ ಸಂಜೆಯ ಅಳತೆಗಳನ್ನೆಲ್ಲ ಮರುದಿನ ಮತ್ತೆ ತೆಗೆಯಬೇಕಾಯಿತು. ಮೊದಲು ಪಂಪ್, ಆಮೇಲೆ ವಾಲ್ವ್. ಒಂದು ತಿಂಗಳಾದ ಮೇಲೆ ಆ ಪಂಪನ್ನೇ ಬದಲಿಸಿದೆವು. ಹಳೆಯದು 80 ವ್ಯಾಟ್ ತಿನ್ನುತ್ತಿತ್ತು. ಹೊಸದು ತಾನೇ ಸ್ಪೀಡ್ ಹೊಂದಿಸಿಕೊಂಡು ಹದಿನೈದರ ಆಸುಪಾಸಿನಲ್ಲಿ ಓಡುತ್ತದೆ.

ಎರಡನೇ ಸಂಜೆ ಮುಗಿಯುವಾಗ ಒಂದನ್ನು ಬಿಟ್ಟು ಉಳಿದ ಎಲ್ಲ ರೇಡಿಯೇಟರ್‌ಗಳಲ್ಲೂ ಅಂತರ 13ರಿಂದ 17 ಡಿಗ್ರಿಯ ಒಳಗೆ ಬಂದಿತ್ತು. ಹಾಲ್ 21, ಹಿಂದಿನ ರೂಮು 20. ಅಕ್ಕ ಕಿಟಕಿ ಮುಚ್ಚಿದಳು. ಥರ್ಮೋಸ್ಟ್ಯಾಟ್ 24ರಿಂದ 20ಕ್ಕೆ ಬಂತು.

ಬಕೆಟ್ ಹೇಳಿದ ಕಥೆ

ಈಗ ಬಾಯ್ಲರ್. ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲದಿಂದ ಸುಮಾರು ಒಂದೂವರೆ ಲೀಟರ್ ನೀರಿನಷ್ಟು. ಮಾಮೂಲಿ ಬಾಯ್ಲರ್‌ನಲ್ಲಿ ಅದು ಹೊಗೆಯ ಜೊತೆ ಆಕಾಶಕ್ಕೆ ಹೋಗುತ್ತದೆ, ತನ್ನೊಳಗಿನ ಶಾಖವನ್ನೂ ಹೊತ್ತುಕೊಂಡು. ಕಂಡೆನ್ಸಿಂಗ್ ಬಾಯ್ಲರ್ ಆ ಆವಿಯನ್ನು ಒಳಗೇ ನೀರಾಗಿಸಿ ಶಾಖ ವಾಪಸ್ ಪಡೆಯುತ್ತದೆ. ಆದರೆ ಅದಕ್ಕೊಂದು ಷರತ್ತು. ರೇಡಿಯೇಟರ್‌ಗಳಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. ಅದಕ್ಕಿಂತ ಬಿಸಿ ಇದ್ದರೆ ಆವಿ ಹೆಚ್ಚು ಕಡಿಮೆ ನೀರಾಗುವುದೇ ಇಲ್ಲ. ಎಷ್ಟು ತಣ್ಣಗೆ ಬರುತ್ತದೋ ಅಷ್ಟು ಲಾಭ.

ಅಕ್ಕನ ಮನೆಯಲ್ಲಿ ವಾಪಸ್ ನೀರು 65ರ ಮೇಲೆ ಇತ್ತು. ಎಂಟು ವರ್ಷ ಆ ಬಾಯ್ಲರ್ ತನ್ನ ಹೆಸರಿನ ಕೆಲಸ ಮಾಡಿರಲಿಲ್ಲ. ಮೊದಲ ಶನಿವಾರವೇ ನಾನು ಅದರ ನೀರು ಬಸಿಯುವ ಪೈಪನ್ನು ಚರಂಡಿಯಿಂದ ತೆಗೆದು ಒಂದು ಬಕೆಟ್‌ಗೆ ಬಿಟ್ಟಿದ್ದೆ. 24 ಗಂಟೆಯಲ್ಲಿ ಬಿದ್ದದ್ದು ಅರ್ಧ ಲೀಟರ್‌ಗೂ ಕಮ್ಮಿ. ಅದೇ ದಿನ ಉರಿದ ಗ್ಯಾಸ್ 11 ಘನ ಮೀಟರ್. ಹದಿನಾರು ಲೀಟರಿಗೂ ಜಾಸ್ತಿ ನೀರು ಹೊಗೆಯಾಗಿ ಹೋಗಿತ್ತು. ಯಾವ ಮೀಟರೂ ತೋರಿಸದ್ದನ್ನು ಹೆಚ್ಚು ಕಡಿಮೆ ಖಾಲಿ ಇದ್ದ ಆ ಬಕೆಟ್ ತೋರಿಸಿತು. ಪ್ಲಾಸ್ಟಿಕ್ ಬಕೆಟ್ಟೇ ಇಡಿ, ಆ ನೀರು ಹುಳಿ, ಲೋಹ ತಿನ್ನುತ್ತದೆ.

ಹಂಚಿಕೆ ಸರಿಯಾದ ಮೇಲೆ ಹೊರಡುವ ನೀರನ್ನು ದಿನಕ್ಕೆ 5 ಡಿಗ್ರಿಯಂತೆ ಇಳಿಸಿದೆವು. 75, 70, 65. ಪ್ರತಿ ರಾತ್ರಿ ಸೊಸೆ ತನ್ನ ರೂಮಿನ ಡಿಗ್ರಿ ಬರೆದಿಟ್ಟಳು. 60ಕ್ಕೆ ಬಂದರೂ 20 ಇತ್ತು. 55ಕ್ಕೂ ಇತ್ತು. 50ಕ್ಕೆ ಇಳಿಸಿದ ದಿನ ಬೆಳಿಗ್ಗೆ 18.5. ಆ ವಾರದ ಚಳಿಗೆ 55 ಸರಿ ಅಂತ ತಿಳಿಯಿತು.

ಇಷ್ಟು ಇಳಿಸಿದರೂ ಮನೆ ಯಾಕೆ ತಣ್ಣಗಾಗಲಿಲ್ಲ? ಯುರೋಪಿನ ಇಎನ್ 442 ಮಾನದಂಡದಲ್ಲಿ ರೇಡಿಯೇಟರ್‌ನ ಶಕ್ತಿ ಅಳೆಯುವುದು 75 ಡಿಗ್ರಿಯಲ್ಲಿ ನೀರು ಹೋಗಿ 65ರಲ್ಲಿ ಬರುವಾಗ, ರೂಮು 20 ಇರುವಾಗ. ಆಗ ನೀರಿನ ಸರಾಸರಿ 70. ಅದೇ ಸರಾಸರಿ 50ಕ್ಕೆ ಇಳಿದರೆ ರೇಡಿಯೇಟರ್ ಕೊಡುವುದು ಅರ್ಧಕ್ಕೆ ಸ್ವಲ್ಪ ಮೇಲೆ. ಹೊಸ ಮನೆಯ ತೆಳ್ಳನೆ ರೇಡಿಯೇಟರ್‌ಗೆ ಇದು ಸಾಲದೇ ಹೋಗಬಹುದು. ಇಲ್ಲಿ ಕಿಟಕಿ, ಅಟ್ಟ ಎರಡೂ ಸರಿಯಾಗಿವೆ, ರೇಡಿಯೇಟರ್ ಮಾತ್ರ ಹಳೆಯ ಕಾಲದ ದೊಡ್ಡದು. ಅರ್ಧವೇ ಧಾರಾಳವಾಗಿ ಸಾಕು. ಹಳೆ ರೇಡಿಯೇಟರ್ ಆಸ್ತಿ ಅಂದದ್ದು ಇದಕ್ಕೇ. ಮುಂದೊಂದು ದಿನ ಬಾಯ್ಲರ್ ಬದಲು, ಕಮ್ಮಿ ಬಿಸಿಯ ನೀರಿನಲ್ಲೇ ಚೆನ್ನಾಗಿ ಓಡುವ ಹೀಟ್ ಪಂಪ್ ಹಾಕಿಸಬೇಕು ಅನ್ನಿಸಿದರೂ ಈ ಅಗಲ ಮೈ ಕೈ ಹಿಡಿಯುತ್ತದೆ.

ಬಾಯ್ಲರ್‌ನೊಳಗೆ ಹೊರಗಿನ ಚಳಿ ಅಳೆಯುವ ಸೆನ್ಸರ್‌ಗೆ ಜಾಗ ಇತ್ತು, ಯಾರೂ ಜೋಡಿಸಿರಲಿಲ್ಲ. ಬಿಸಿಲು ಬೀಳದ ಗೋಡೆಗೆ ಅದನ್ನು ಕೂರಿಸಿದೆವು. ಈಗ ಹೊರಗೆ 10 ಡಿಗ್ರಿ ಇದ್ದಾಗ ನೀರು 40ರಲ್ಲಿ ಹೊರಡುತ್ತದೆ. ಹೊರಗೆ ಮೈನಸ್ 10 ಇದ್ದಾಗ ಮಾತ್ರ 60. ಸ್ನಾನದ ನೀರಿನ ಟ್ಯಾಂಕನ್ನು ಮಾತ್ರ 60 ಡಿಗ್ರಿಯಲ್ಲೇ ಬಿಟ್ಟೆ. ಅದನ್ನು ಇಳಿಸಿದರೆ ಶ್ವಾಸಕೋಶದ ಸೋಂಕು ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ. ಉಳಿತಾಯಕ್ಕೆ ಅಲ್ಲಿ ಕೈ ಹಾಕಬಾರದು.

ಮತ್ತೆ ಬಕೆಟ್ ಇಟ್ಟೆ. 24 ಗಂಟೆಗೆ ಆರೂವರೆ ಲೀಟರ್. ಲೀಟರ್‌ಗೆ ಸುಮಾರು 0.65 ಕಿಲೋವ್ಯಾಟ್ ಗಂಟೆಯಂತೆ ದಿನಕ್ಕೆ ನಾಲ್ಕು ಯೂನಿಟ್ ಶಾಖ ಹೊಗೆಯಿಂದ ವಾಪಸ್ ಬಂತು.

ಅಕ್ಕ ಬರೆದಿಟ್ಟ ಮೀಟರ್ ನಂಬರ್‌ಗಳು ಆಗ ಕೆಲಸಕ್ಕೆ ಬಂದವು. ಬರೀ ಗ್ಯಾಸ್ ಹೋಲಿಸಿದರೆ ಮೋಸ ಹೋಗುತ್ತೇವೆ, ಒಂದು ವಾರ ಚಳಿ ಜಾಸ್ತಿ, ಒಂದು ವಾರ ಕಮ್ಮಿ. ಹಾಗಾಗಿ ಪ್ರತಿ ವಾರದ ಗ್ಯಾಸನ್ನು 20 ಡಿಗ್ರಿಗೂ ಹೊರಗಿನ ಸರಾಸರಿಗೂ ಇರುವ ಅಂತರದಿಂದ ಭಾಗಿಸಿದೆ. ಮೊದಲಿಗಿಂತ ಆರರಲ್ಲಿ ಒಂದು ಪಾಲು ಕಮ್ಮಿ ಬಂತು. ಇದರಲ್ಲಿ ಬಕೆಟ್‌ನ ಪಾಲು ಒಟ್ಟು ಗ್ಯಾಸಿನ ನೂರಕ್ಕೆ ನಾಲ್ಕರ ಹತ್ತಿರ. ದೊಡ್ಡ ಪಾಲು ಹಾಲ್ ಸುಮ್ಮನೆ ಕಾಯುವುದು ನಿಂತದ್ದರಿಂದ, ಕಿಟಕಿ ಮುಚ್ಚಿದ್ದರಿಂದ. ಒಂದೇ ಮನೆ, ಕೆಲವೇ ವಾರಗಳ ಅಳತೆ. ನಿಮ್ಮ ಮನೆಯಲ್ಲಿ ಇದೇ ಅಂಕಿ ಬರಬೇಕೆಂದಿಲ್ಲ.

ಚಿಕ್ಕ ಪುಟ್ಟವು

ನೆಲಮಾಳಿಗೆಯ ಬರಿ ಪೈಪುಗಳಿಗೆ ನಿರೋಧಕ ತೊಡಿಸಿದೆವು. ಯಾರೂ ಕೂರದ ಜಾಗವನ್ನು ಕಾಯಿಸಿ ಏನು ಮಾಡುವುದು? ಹಳೆ ಮನೆಗಳಲ್ಲಿ ಪೈಪಿಗೆ ಮೊದಲೇ ಬಿಳಿ ಪ್ಲಾಸ್ಟರಿನಂಥ ಸುತ್ತು ಇದ್ದರೆ ಮುಟ್ಟಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಮೊದಲು ಪರೀಕ್ಷೆ ಮಾಡಿಸಿ. ಹಾಲ್‌ನಲ್ಲಿ ನೆಲ ಮುಟ್ಟುತ್ತಿದ್ದ ಪರದೆಯನ್ನು ಅಕ್ಕ ಕಿಟಕಿಯ ಕೆಳ ಅಂಚಿಗೆ ಕತ್ತರಿಸಿ ಹೊಲಿದಳು. ಮೊದಲು ರೇಡಿಯೇಟರ್‌ನ ಶಾಖ ಪರದೆ ಹಿಂದೆಯೇ ಏರಿ ಗಾಜಿಗೆ ಹೋಗುತ್ತಿತ್ತು. ಹೊರಗೋಡೆಗೆ ತಾಗಿದ ರೇಡಿಯೇಟರ್‌ಗಳ ಹಿಂದೆ ಹೊಳೆಯುವ ಹಾಳೆ ಅಂಟಿಸಿದೆವು. ಗೋಡೆಗೆ ನಿರೋಧಕ ಇಲ್ಲದಿದ್ದರೆ ಮಾತ್ರ ಅದಕ್ಕೆ ಬೆಲೆ.

ಹಿಂದಿನ ರೂಮಿನ ರೇಡಿಯೇಟರ್‌ಗೆ ಬೆಳ್ಳಿ ಬಣ್ಣ ಬಳಿದಿದ್ದರು. ಅಲ್ಯೂಮಿನಿಯಂ ಪುಡಿಯ ಬಣ್ಣ ಕಿರಣವಾಗಿ ಹೋಗುವ ಶಾಖವನ್ನು ತಡೆಯುತ್ತದೆ. ಮಾಮೂಲಿ ಬಣ್ಣದಲ್ಲಿ ಬಿಳಿಯಾದರೂ ಕಪ್ಪಾದರೂ ವ್ಯತ್ಯಾಸವಿಲ್ಲ. ಲೆಕ್ಕಕ್ಕೆ ಬರುವುದು ಮೇಲಿನ ಪದರ ಮಾತ್ರ, ಆದ್ದರಿಂದ ಹಳೆಯದನ್ನು ಕೆರೆಯದೆ ಮೇಲೆ ಬಳಿದರೆ ಸಾಕು. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಕೆರೆದು ಪುಡಿ ಎಬ್ಬಿಸುವುದು ಒಳ್ಳೆಯದಲ್ಲ. ಸೊಸೆ ತನಗಿಷ್ಟದ ಹಸಿರು ಬಳಿದಳು.

ಇದನ್ನು ಓದಿ ತಮ್ಮ ಮನೆಯ ಬಾಯ್ಲರ್ ಬಿಸಿ ಇಳಿಸಲು ಹೊರಡುವವರಿಗೆ ಒಂದು ಮಾತು ಹೇಳಲೇಬೇಕು. ನಿಮ್ಮದು ಕಂಡೆನ್ಸಿಂಗ್ ಅಲ್ಲದ ಹಳೆ ಬಾಯ್ಲರ್ ಆಗಿದ್ದರೆ ಹೀಗೆ ಮಾಡಬೇಡಿ. ವಾಪಸ್ ನೀರು 55ರ ಕೆಳಗೆ ಇಳಿದರೆ ಅದರೊಳಗೂ ಆವಿ ನೀರಾಗುತ್ತದೆ, ಆ ಹುಳಿ ನೀರು ಬಾಯ್ಲರ್‌ನ ಒಳಮೈಯನ್ನೂ ಚಿಮಣಿಯನ್ನೂ ತಿನ್ನುತ್ತದೆ. ಅಂಥ ಮನೆಯಲ್ಲಿ ಸೋರಿಕೆ, ಕೆಸರು, ಹಂಚಿಕೆ ಇಷ್ಟರಲ್ಲೇ ಕೆಲಸ ಮಾಡಿ. ನೀರಿನ ಬದಲು ಆವಿಯೇ ಓಡಾಡುವ ರೇಡಿಯೇಟರ್‌ಗಳ ಲೆಕ್ಕವೇ ಬೇರೆ. ಗ್ಯಾಸ್ ಉರಿಯುವ ಭಾಗಕ್ಕೆ ಕೈ ಹಾಕುವುದು ಲೈಸೆನ್ಸ್ ಇರುವವರ ಕೆಲಸ, ನಾವೂ ಅದಕ್ಕೆ ಅವರನ್ನೇ ಕರೆದೆವು.

ಚಳಿಗಾಲ ಮುಗಿಯುವ ಹೊತ್ತಿಗೆ

ಮ್ಯಾಗ್ನೆಟ್ ಫಿಲ್ಟರ್ ಅನ್ನು ಮೊದಲ ತಿಂಗಳು ಬಿಚ್ಚಿದಾಗ ಬೆರಳು ದಪ್ಪ ಕಪ್ಪು ಸುತ್ತಿಕೊಂಡಿತ್ತು. ಮೂರನೇ ತಿಂಗಳು ಭಾವನೇ ಬಿಚ್ಚಿ ಫೋಟೋ ಕಳಿಸಿದರು. ಲೋಹದ ಹೊಳಪು ಕಾಣುವಷ್ಟು ತೆಳ್ಳಗಿನ ಪೊರೆ. ತಣ್ಣಗಿರುವಾಗ ಗೇಜ್ 1.3ರಲ್ಲೇ ನಿಂತಿದೆ. ಈ ಮೂರು ತಿಂಗಳಲ್ಲಿ ಒಂದು ಲೋಟ ನೀರೂ ತುಂಬಿಸಿಲ್ಲ, ಗಾಳಿ ಒಂದೇ ಸಲ ಬಿಟ್ಟದ್ದು. ಹಿಂಬದಿ ಗೋಡೆಯ ಕಲೆ ಒಣಗಿದೆ.

ಒಂದು ಕೆಲಸ ಉಳಿದಿದೆ. ಮೆಟ್ಟಿಲ ಹತ್ತಿರದ ರೇಡಿಯೇಟರ್‌ನ ಲಾಕ್‌ಶೀಲ್ಡ್ ಜಾಮ್ ಆಗಿದೆ, ಅಲ್ಲಿ ಅಂತರ ಈಗಲೂ 8 ಡಿಗ್ರಿ. ಚಳಿಯಲ್ಲಿ ನೀರು ಖಾಲಿ ಮಾಡಿ ಬಿಚ್ಚುವ ಧೈರ್ಯ ಮಾಡಲಿಲ್ಲ. ಬೇಸಿಗೆಯಲ್ಲಿ ಬಂದು ಬದಲಿಸುತ್ತೇನೆ ಅಂತ ಅಕ್ಕನಿಗೆ ಹೇಳಿದ್ದೇನೆ.